ಲಿಫ್ಟಿಗೆ ಹಿಡಿಸಿದ ಚಾಕೊಲೇಟ್

ಮೇ ತಿಂಗಳ ಮೊದಲ ವಾರ, ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ಒಂದು ಸುತ್ತೋಲೆ ಬಿತ್ತು. ಮರಾಠಿಯಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಸಿಟ್ಟು ಮಾತ್ರ ಎರಡರಲ್ಲೂ ಒಂದೇ. ಲಿಫ್ಟಿನ ಹೊಸ ಸ್ಟೀಲ್ ಗೋಡೆಯ ಮೇಲೆ ಚಾಕೊಲೇಟಿನ ಬೆರಳಚ್ಚು ಪತ್ತೆಯಾಗಿದೆ, ಇನ್ನು ಮುಂದೆ ಲಾಬಿ, ಮೆಟ್ಟಿಲು, ಲಿಫ್ಟುಗಳಲ್ಲಿ ಮಕ್ಕಳು 'ಕರಗುವ ಚಾಕೊಲೇಟ್' ತಿನ್ನಕೂಡದು, ತಪ್ಪಿದರೆ 500 ರೂಪಾಯಿ ದಂಡವನ್ನು ಮೆಂಟೆನೆನ್ಸ್ ಬಿಲ್ಲಿಗೆ ಸೇರಿಸಲಾಗುವುದು.

ಅದಕ್ಕೆ ಮುಂಚೆ ಒಂದು ವಿಶೇಷ ಸಭೆಯೂ ಆಗಿತ್ತು. ನಮ್ಮದು ಏಳನೇ ಮಹಡಿ, ಅಂದರೆ ಕೊನೆಯದು. ಮೂರು ಮಳೆಗಾಲದಿಂದ ಬೆಡ್‌ರೂಮಿನ ಮೂಲೆಯಲ್ಲಿ ಎರಡು ಬಕೆಟ್ ಇಟ್ಟುಕೊಂಡೇ ಮಲಗುವ ನಾವು ಆ ವಿಷಯವನ್ನು ಅಲ್ಲಿ ಎತ್ತಿದೆವು. "ಏಪ್ರಿಲ್‌ನಾಗ ಟೆರೇಸಿಗೆ ಡಾಂಬರು ಬಳಿಸೇವಲ್ರೀ, ಎಲ್ಲಾರಕಿಂತ ಕಡಿಮಿ ಟೆಂಡರ್ ಹಾಕಿದಾಂವಗ ಕೊಟ್ಟೇವಿ" ಎಂದರು ಸೆಕ್ರೆಟರಿ. ಸೋರಿಕೆಗೆ ನಾಲ್ಕು ನಿಮಿಷ. ಬೆರಳಚ್ಚಿಗೆ ಒಂದೂವರೆ ಗಂಟೆ, ಅದೂ ಸಿಸಿಟಿವಿ ದೃಶ್ಯ ಸಹಿತ. ಗೋಡೆಯ ಮೇಲೆ ಐದು ಪುಟ್ಟ ಬೆರಳು ಮೂಡುವುದನ್ನು ಮೂರು ಸಲ ಹಿಂದಕ್ಕೆ ಓಡಿಸಿ ತೋರಿಸಿದರು. ಬ್ಯಾಂಕ್ ದರೋಡೆಯ ತನಿಖೆಯಲ್ಲೂ ಇಷ್ಟು ಶ್ರದ್ಧೆ ಇರುವುದಿಲ್ಲ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವನ ಮಾತು ಇದು.

ಆ ಬೆರಳು ನನ್ನ ಮೊಮ್ಮಗಳದು. ವಯಸ್ಸು ಐದು. ರಜೆಗೆಂದು ಅಣ್ಣನ ಜತೆ ಪುಣೆಯಿಂದ ಬಂದಿದ್ದಾಳೆ. ಅಣ್ಣನಿಗೆ ಎಂಟು.

ಸೆಕ್ರೆಟರಿ ಹುಬ್ಬಳ್ಳಿ ಕಡೆಯವರು, ನಾನು ಪುತ್ತೂರು ಕಡೆಯವ. ಕನ್ನಡದವರೆಂಬ ಮುಲಾಜಿಗೆ ಮೊದಲ ದಂಡ ಮಾಫಿ ಮಾಡಿ, ಒಂದು ಉಪಾಯವನ್ನೂ ಹೇಳಿಕೊಟ್ಟರು. "ಕಾಕಾ, ಅಂಗಡ್ಯಾಗ ಕೈಗೆ ಅಂಟದಂಥಾ ಬಾರ್ ಬಂದಾವ. ಕರಗೋದ ಇಲ್ಲಂದ್ರ ಕಲೆ ಎಲ್ಲಿಂದ ಬರ್ತದ?"

ಸರಿ, ತಂದೆವು. ಕೈಗೆ ಅಂಟಲಿಲ್ಲ, ನಿಜ. ಮೊಮ್ಮಗ ಅರ್ಧ ಕಚ್ಚಿ ಬಹಳ ಹೊತ್ತು ಅಗಿದ. "ಅಜ್ಜ, ಇದು ಮೇಣದಬತ್ತಿ" ಎಂದ. ಅವನಿಗೆ ಅಂಟಿದ್ದು ಅಂಗುಳಕ್ಕೆ ಮಾತ್ರ.

ಹೊದಿಕೆ ತಿರುಗಿಸಿ ಓದಿದೆ. ವೋಚರ್ ನೋಡಿ ಸವೆದ ಕಣ್ಣಿಗೆ ಸಣ್ಣ ಅಕ್ಷರ ಬಿಟ್ಟುಹೋಗುವುದಿಲ್ಲ. ಮೊದಲು ಸಕ್ಕರೆ, ಆಮೇಲೆ ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು, ಆಮೇಲೆ ಸಂಕೋಚದಿಂದ ಮೂಲೆಯಲ್ಲಿ ನಿಂತ ನೆಂಟನಂತೆ ಒಂದಿಷ್ಟು ಕೊಕ್ಕೋ ಪುಡಿ. ಕೊನೆಗೆ 442, 476. "ಇದು ಯಾವ ಬಸ್ಸಿನ ನಂಬರ್?" ಎಂದು ಕೇಳಿದಳು ಮೊಮ್ಮಗಳು. ಕೊಬ್ಬನ್ನೂ ಪುಡಿಯನ್ನೂ ಹೊಂದಿಸುವ ಎಮಲ್ಸಿಫೈಯರ್ ಎಂದು ಹೇಳಿದರೆ ಐದು ವರ್ಷದವಳಿಗೆ ಏನು ತಿಳಿದೀತು? "ಮಿಕ್ಸಿಂಗ್ ಮಾಡುವ ಬಸ್ಸು" ಎಂದೆ.

ಇಡೀ ಹೊದಿಕೆಯಲ್ಲಿ 'ಚಾಕೊ' ಎಂಬುದು ದೊಡ್ಡ ಅಕ್ಷರದಲ್ಲಿದೆ, 'ಕಾಂಪೌಂಡ್' ಎಂಬುದು ಇರುವೆಯ ಅಕ್ಷರದಲ್ಲಿ. ಕಾಂಪೌಂಡ್ ಎಂದರೆ ಕೊಕ್ಕೋ ಬೀಜದ ಸ್ವಂತ ಕೊಬ್ಬಾದ ಕೊಕ್ಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿದ್ದು. ಕಾರಣ ಇದೆ. ಕೊಕ್ಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ. ನಮ್ಮ ಬಾಯೊಳಗೆ 37. ಚಾಕೊಲೇಟ್ ನಾಲಗೆಯ ಮೇಲೆ ಇಳಿದು ಹೋಗುವ ಸುಖವೆಲ್ಲ ಈ ಮೂರು ಡಿಗ್ರಿಯಲ್ಲಿ ಇರುವುದು. ಡೊಂಬಿವಲಿಯ ಮೇ ತಿಂಗಳೂ ಅದೇ ಮೂರು ಡಿಗ್ರಿಯಲ್ಲಿ ಇರುವುದು ದೇವರ ತಮಾಷೆ. ಬೆಣ್ಣೆಯನ್ನು ತೆಗೆದು ಇನ್ನೂ ಹೆಚ್ಚಿನ ಬಿಸಿಗೆ ಕರಗುವ ಅಗ್ಗದ ಕೊಬ್ಬು ತುಂಬಿದರೆ ಕೈಯಲ್ಲಿ ಕರಗುವುದಿಲ್ಲ, ಬಾಯಲ್ಲಿಯೂ ಕರಗುವುದಿಲ್ಲ. ಚಾಕೊಲೇಟ್ ಎಂದು ಹೆಸರಿಟ್ಟುಕೊಳ್ಳಲು ಹೊರಗಿನ ಕೊಬ್ಬು ಶೇ. 5ನ್ನು ಮೀರಕೂಡದು ಎಂದು ನಮ್ಮ ದೇಶದ ಆಹಾರ ನಿಯಮ ಹೇಳುತ್ತದೆ. ಮೀರಿದವನಿಗೆ 'ಚಾಕೊ' ಎಂಬ ಅರ್ಧ ಹೆಸರು. ತಲೆ ಇದೆ, ಲೇಟು ಇಲ್ಲ.

ಇದನ್ನೆಲ್ಲ ಸೆಕ್ರೆಟರಿಗೆ ವಿವರಿಸಿದೆ. "ಅದರಲ್ಲಿ ಚಾಕೊಲೇಟೇ ಇಲ್ಲವಲ್ಲ ಮಾರಾಯ್ರೆ?"

"ಅದು ಬ್ಯಾರೆ ಸಬ್ಜೆಕ್ಟ್ ರೀ ಕಾಕಾ. ನಮ್ಮ ಅಜೆಂಡಾದಾಗ ಇಲ್ಲ."

ಹಿಂದೊಬ್ಬರು ಇವರಷ್ಟೇ ನೇರವಾಗಿ ಯೋಚಿಸಿದ್ದರು. 1937ರಲ್ಲಿ ಅಮೆರಿಕದ ಸೇನೆ ತನ್ನ ಸೈನಿಕರಿಗಾಗಿ ಬಿಸಿಲಿಗೆ ಕರಗದ ಬಾರ್ ಮಾಡಿಕೊಡಿ ಎಂದು ಹರ್ಷೀಸ್ ಕಂಪನಿಯನ್ನು ಕೇಳಿತು. ಷರತ್ತುಗಳಲ್ಲೊಂದು ರುಚಿಯ ಬಗ್ಗೆ: ಬೇಯಿಸಿದ ಆಲೂಗಡ್ಡೆಗಿಂತ ಸ್ವಲ್ಪ ಮೇಲಿದ್ದರೆ ಸಾಕು. ರುಚಿಯಾದರೆ ಸೈನಿಕರು ಆಪತ್ಕಾಲಕ್ಕೆ ಉಳಿಸದೆ ಮುಗಿಸಿಬಿಟ್ಟಾರು ಎಂಬ ಭಯ. ಸೇನೆಗಾದರೆ ಯುದ್ಧ ಇತ್ತು. ನಮಗೆ ಇರುವುದು ಲಿಫ್ಟು.

ನಮ್ಮೂರಿನಲ್ಲಿ ಅಡಿಕೆ ತೋಟದ ನೆರಳಲ್ಲಿ ಕೊಕ್ಕೋ ಗಿಡ. ಹಣ್ಣು ಒಡೆದರೆ ಒಳಗೆ ಬೀಜದ ಸುತ್ತ ಬಿಳಿ ಲೋಳೆ, ಸಿಹಿಯೂ ಹುಳಿಯೂ. ಮಕ್ಕಳೆಲ್ಲ ಚೀಪಿ ಬೀಜ ಉಗುಳಬೇಕು, ಅಂಗಿ ಮೇಲೆ ಬಿದ್ದ ರಸ ಕಂದಾಗಿ ಕೂತರೆ ಯಾವ ಸೋಪಿಗೂ ಬಗ್ಗದು. ಚಾಕೊಲೇಟ್ ಎಂಬುದು ಗಿಡದಲ್ಲಿರುವಾಗಲೇ ಗಲೀಜು! 1986ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದವರು ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದ ಮೇಲೆ ಊರಿಂದ ಬರುವ ನೆಂಟರ ಚೀಲದಲ್ಲಿ ಹಪ್ಪಳ, ಹಲಸಿನ ಚಿಪ್ಸಿನ ಜತೆ ಬಾರೂ ಬರತೊಡಗಿತು. ರಾತ್ರಿ ಬಸ್ಸಿನ ಸೆಕೆಗೆ ಕರಗಿ, ಪಕ್ಕದ ಕಟ್ಟಿನ ಆಕಾರ ತಾಳಿ ಬರುತ್ತಿತ್ತು. ಫ್ರಿಜ್ಜಿಗೆ ಹಾಕಿದರೆ ಮೈತುಂಬ ವಿಭೂತಿ ಬಳಿದುಕೊಳ್ಳುತ್ತಿತ್ತು. ಕೊಕ್ಕೋ ಬೆಣ್ಣೆ ಮೇಲೆ ಬಂದು ಗಟ್ಟಿಯಾದದ್ದು ಅಷ್ಟೇ, ಕೆಟ್ಟದ್ದಲ್ಲ. ನನ್ನ ಮಗಳು ಅದನ್ನು ಚಮಚದಲ್ಲಿ ಕೆರೆದು ತಿಂದೇ ದೊಡ್ಡವಳಾದಳು. ಆಗ ನಾವಿದ್ದ ಚಾಳಿನಲ್ಲಿ ಲಿಫ್ಟ್ ಇರಲಿಲ್ಲ, ಹಾಗಾಗಿ ಯಾರಿಗೂ ತೊಂದರೆ ಆಗಲಿಲ್ಲ.

ಸರಕಾರದ ಮನಸ್ಸು ಕೂಡ ಕರಗಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. 2017ರ ಜುಲೈಯಲ್ಲಿ ಚಾಕೊಲೇಟಿಗೆ ಶೇ. 28 ಜಿಎಸ್‌ಟಿ, ಅದೇ ನವೆಂಬರಿನಲ್ಲಿ 18, 2025ರ ಸೆಪ್ಟೆಂಬರ್ 22ರಿಂದ 5. ಎಂಟು ವರ್ಷದಲ್ಲಿ ಐಷಾರಾಮಿ ಸರಕು ದಿನಸಿಯ ಸಾಲಿಗೆ ಬಂತು. ದಿಲ್ಲಿಗೆ ಕರಗಬಹುದಂತೆ, ಡೊಂಬಿವಲಿಯ ಚಾಕೊಲೇಟಿಗೆ ಮಾತ್ರ ಕೂಡದು.

ಎರಡನೇ ವಾರ ಮ್ಯಾನೇಜಿಂಗ್ ಕಮಿಟಿ ಗೇಟಿನಲ್ಲಿ 'ಮುಷ್ಟಿ ಪರೀಕ್ಷೆ' ಶುರುಮಾಡಿತು. ಸಂಶಯ ಬಂದ ಚಾಕೊಲೇಟನ್ನು ವಾಚ್‌ಮನ್ ಎರಡು ನಿಮಿಷ ಮುಷ್ಟಿಯಲ್ಲಿ ಹಿಡಿಯುವುದು, ಅಂಟದಿದ್ದರೆ ಒಳಗೆ ಬಿಡುವುದು. ಮೊದಲ ದಿನ ಏಳು ಚಾಕೊಲೇಟ್ ಫೇಲಾದವು. ಸಂಜೆ ಆ ಬಡಪಾಯಿ ನೀರಿನ ಪಂಪ್ ಹಾಕಲು ಹೋಗುವಾಗ ಲಿಫ್ಟಿನ ಗುಂಡಿ ಒತ್ತಿದ. ಮರುದಿನ ಸಿಸಿಟಿವಿಯಲ್ಲಿ ಕಂಡ ಬೆರಳು ಪುಟ್ಟದಾಗಿರಲಿಲ್ಲ.

ನಾವು ಮೂವರು ಮನೆಯೊಳಗೆ ಕಳ್ಳ ದಂಧೆಗೆ ಇಳಿದೆವು. ಬಾಲ್ಕನಿಯಲ್ಲಿ ಹಳೆಯ ಪೇಪರ್ ಹಾಸಿ, ನನ್ನ ಜುಬ್ಬಾದ ಕಿಸೆಯಲ್ಲಿ ಗೇಟು ದಾಟಿಸಿದ ಅಸಲಿ ಬಾರ್ ಬಿಚ್ಚುವುದು. ಕಿಸೆಯ ಬಿಸಿಗೆ ಅದು ಆಗಲೇ ಮೆತ್ತಗೆ. ಮೊಮ್ಮಗಳು ಮೊದಲು ಹೊದಿಕೆ ನೆಕ್ಕುತ್ತಾಳೆ, ಆಮೇಲೆ ಐದೂ ಬೆರಳು, ಆಮೇಲೆ ನನ್ನ ಬೆರಳು. ಜುಬ್ಬಾ ನೋಡಿ ನನ್ನಾಕೆ "ಮನೆಯಲ್ಲಿ ಮಕ್ಕಳು ಇಬ್ಬರಲ್ಲ, ಮೂರು" ಎಂದಳು. ಅವಳಿಗೂ ಒಂದು ತುಂಡು ಕೊಟ್ಟೆವು. ಕೇಸು ಅಲ್ಲಿಗೆ ಬರಖಾಸ್ತು.

ಆದರೆ ಆ ಮೇಣದಬತ್ತಿ ಬಾರು ಉಳಿದಿತ್ತಲ್ಲ. ಅದು ಎಷ್ಟು ಬಿಸಿಲಿಗೆ ಕರಗುತ್ತದೆ ಎಂದು ನೋಡುವ ಹುಕಿ ಮೊಮ್ಮಗನಿಗೆ ಬಂತು. ಮಧ್ಯಾಹ್ನ ಎರಡಕ್ಕೆ, ನಾನು ತೂಕಡಿಸುತ್ತಿದ್ದಾಗ, ತಂಗಿಯನ್ನು ಕರೆದುಕೊಂಡು ಟೆರೇಸಿಗೆ ಹೋಗಿ ಬಾರನ್ನು ನೀರಿನ ಟಾಂಕಿಯ ಮೇಲೆ ಇಟ್ಟ. ಅರ್ಧ ಗಂಟೆ ಕಾದರಂತೆ. ಬಾರು ಜಪ್ಪಯ್ಯ ಎನ್ನಲಿಲ್ಲ. ಅಷ್ಟರಲ್ಲಿ ಕಾಲಡಿಯ ಡಾಂಬರು ಕರಗಿತು. ಇಬ್ಬರೂ ಚಪ್ಪಲಿ ಕಿತ್ತುಕೊಂಡು ಓಡಿ, ಲಿಫ್ಟಿನಲ್ಲಿ ಕೆಳಗೆ ಹೋಗಿ, ಲಾಬಿಯಲ್ಲಿ ಒಂದು ಸುತ್ತು ಹಾಕಿ, ವಾಚ್‌ಮನ್ನಿಗೆ ಹೇಳಿ, ಮತ್ತೆ ಲಿಫ್ಟಿನಲ್ಲಿ ಮೇಲೆ ಬಂದರು.

ಬಾಗಿಲು ತೆರೆದರೆ ಸೆಕ್ರೆಟರಿ. ಹಿಂದೆ ಕಪ್ಪು ಹೆಜ್ಜೆಗಳ ಸಾಲು.

"ಕಾಕಾ, 500 ರೂಪಾಯಿ. ಇಷ್ಟು ಚಾಕೊಲೇಟ್ ನಾ ಜನ್ಮದಾಗ ನೋಡಿಲ್ಲ."

"ಚಾಕೊಲೇಟೇ ಎಂದು ಖಾತ್ರಿ ಉಂಟೋ? ಹಾಗಾದರೆ ಒಂಚೂರು ನೆಕ್ಕಿ ನೋಡಿ."

ಅವರು ಬಗ್ಗಿ ಮೂಸಿ ನೋಡಿದರು. ಮೇಲೆದ್ದಾಗ ಮಾತಿರಲಿಲ್ಲ. ಅಂದು ರಾತ್ರಿಯೇ ಕಮಿಟಿ ಸೇರಿತು. ಬೆಳಗ್ಗೆ ಹೊಸ ಸುತ್ತೋಲೆ: ಟೆರೇಸಿನ ಡಾಂಬರಿಗೆ ಧಕ್ಕೆಯಾಗದಿರಲೆಂದು ಟೆರೇಸಿಗೆ ಬೀಗ ಹಾಕಲಾಗಿದೆ.

ಆ ಬಾರು ಇನ್ನೂ ಟಾಂಕಿಯ ಮೇಲೆಯೇ ಇದೆ. ಬೀಗದ ಕೈ ಸೆಕ್ರೆಟರಿಯ ಹತ್ತಿರ. ಎದುರು ಕಟ್ಟಡದಿಂದ ನೋಡಿದವರು ಹೇಳುವ ಪ್ರಕಾರ, ಕಾಗೆಯೂ ಮುಟ್ಟಿಲ್ಲ.