ಇಪ್ಪತ್ತು ಪುಸ್ತಕಗಳ ಪ್ರದಕ್ಷಿಣೆ

ನಾನು ತೀರ್ಥಹಳ್ಳಿ ಕಡೆಯವನು. ಸಮುದ್ರ ಅಂದರೆ ನಮಗೆ ಮುರುಡೇಶ್ವರಕ್ಕೆ ಹೋದಾಗ ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದ ನೀರಲ್ಲಿ ನಿಲ್ಲುವುದು, ಅಷ್ಟೇ. ಅಂಥವನು ಹಾಯಿಹಡಗಿನ ಕಾದಂಬರಿಗಳನ್ನು ಈಗ ಮೂರನೇ ಸಲ ಓದುತ್ತಿದ್ದೇನೆ. ಒಂದೆರಡಲ್ಲ, ಇಪ್ಪತ್ತು. ಇದೊಂದು ಕಾಯಿಲೆ ಅಂತ ಮನೆಯಲ್ಲಿ ತೀರ್ಮಾನವಾಗಿದೆ.

ಪ್ಯಾಟ್ರಿಕ್ ಓಬ್ರಿಯಾನ್ ಬರೆದ ಸರಣಿ. ಮೊದಲ ಪುಸ್ತಕ ‘ಮಾಸ್ಟರ್ ಅಂಡ್ ಕಮಾಂಡರ್’ ಬಂದಿದ್ದು 1969ರಲ್ಲಿ, ಇಪ್ಪತ್ತನೆಯದು 1999ರಲ್ಲಿ. ಮರುವರ್ಷ ಜನವರಿಯಲ್ಲಿ ಅವರು ತೀರಿಕೊಂಡರು. ನೆಪೋಲಿಯನ್ ಕಾಲದ ಬ್ರಿಟಿಷ್ ನೌಕಾಪಡೆ, ಜ್ಯಾಕ್ ಆಬ್ರಿ ಎಂಬ ಕ್ಯಾಪ್ಟನ್, ಸ್ಟೀಫನ್ ಮ್ಯಾಟುರಿನ್ ಎಂಬ ಡಾಕ್ಟರ್. ಇವರನ್ನು ಹಚ್ಚಿಕೊಂಡವರು ಕೊನೆಯ ಪುಸ್ತಕ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಆ ಓದಿಗೆ ಅವರಿಟ್ಟ ಹೆಸರು ಭೂಪ್ರದಕ್ಷಿಣೆ.

‘ಅದೇ ಫಿರಂಗಿ ಯುದ್ಧ ಎಷ್ಟು ಸಲ ಓದ್ತೀಯ ಮಾರಾಯ?’ ಅಂತ ಗೆಳೆಯರು ಕೇಳುತ್ತಾರೆ. ಯುದ್ಧಕ್ಕಾಗಿ ಯಾರು ಮತ್ತೆ ಓದ್ತಾರೆ? ಯಾರು ಗೆದ್ದರು ಅಂತ ಮೊದಲೇ ಗೊತ್ತಲ್ಲ. ನಾನಂತೂ ಹೋಗುವುದು ಕ್ಯಾಪ್ಟನ್ ಕೋಣೆಗೆ. ರಾತ್ರಿ ಜ್ಯಾಕ್ ಪಿಟೀಲು, ಸ್ಟೀಫನ್ ಚೆಲ್ಲೋ. ಕಾಫಿ, ಬಿಸಿ ಮಾಡಿದ ಚೀಸ್. ಬಾಗಿಲಾಚೆ ಕಿಲ್ಲಿಕ್ ಎಂಬ ಕೆಲಸದವನ ಗೊಣಗಾಟ.

ಇವರಿಬ್ಬರ ಪರಿಚಯ ಆಗಿದ್ದೇ ಜಗಳದಿಂದ. ಮಿನೋರ್ಕಾ ದ್ವೀಪದ ಪೋರ್ಟ್ ಮಹೋನ್‌ನಲ್ಲೊಂದು ಸಂಗೀತ ಕಛೇರಿ. ಜ್ಯಾಕ್ ತನ್ಮಯನಾಗಿ ತೊಡೆ ಮೇಲೆ ತಾಳ ಹಾಕುತ್ತಿದ್ದಾನೆ, ಅದೂ ತಪ್ಪು ತಾಳ. ಪಕ್ಕದ ಕುರ್ಚಿಯಲ್ಲಿದ್ದ ಸಣಕಲ ಸ್ಟೀಫನ್ ಅವನ ಪಕ್ಕೆಗೆ ಮೊಣಕೈಯಲ್ಲಿ ತಿವಿಯುತ್ತಾನೆ. ಕಾದಾಟದವರೆಗೂ ಹೋಗಬೇಕಿತ್ತು. ಅದೇ ರಾತ್ರಿ ಜ್ಯಾಕ್‌ಗೆ ಹಡಗಿನ ಅಧಿಕಾರ ಸಿಗುತ್ತದೆ, ಮರುದಿನ ಖುಷಿಯಲ್ಲಿ ಕ್ಷಮೆ ಕೇಳಿಬಿಡುತ್ತಾನೆ. ಇಪ್ಪತ್ತು ಪುಸ್ತಕಗಳ ಸ್ನೇಹ ಅಲ್ಲಿಂದ ಶುರು.

ಭಾಷೆ ಕಷ್ಟ, ಸುಳ್ಳು ಹೇಳಲ್ಲ. ಮಿಜನ್, ಬೋಲೈನ್, ಫಟಕ್ ಅಂತ ಹಡಗಿನ ಕಂಬ, ಹಗ್ಗ, ಮರಗಳ ಹೆಸರು ಪುಟಗಟ್ಟಲೆ ಬರುತ್ತದೆ. ಮೊದಲ ಸಲ ನಿಘಂಟು ಹಿಡಿದು ಕೂತಿದ್ದೆ, ಮೂರು ದಿನಕ್ಕೆ ಬಿಟ್ಟೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಅಡಿಕೆ ಮಂಡಿಗೆ ಹೋದಾಗಲೂ ಹೀಗೇ ಆಗುತ್ತಿತ್ತು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದೊಡ್ಡವರು ಮಾತಾಡೋರು. ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಅಪ್ಪನ ಮುಖ ನೋಡಿದರೆ ರೇಟು ಬಿತ್ತೋ ಏರಿತೋ ತಿಳಿಯುತ್ತಿತ್ತು. ಪುಸ್ತಕದಲ್ಲಿ ಸ್ಟೀಫನ್‌ದೂ ನಮ್ಮದೇ ಪಾಡು. ವರ್ಷಗಟ್ಟಲೆ ಹಡಗಲ್ಲಿದ್ದರೂ ಹತ್ತುವಾಗ ನೀರಿಗೆ ಬೀಳುವವನು ಅವನು.

ಇದೆಲ್ಲ ಬರೀ ಕಲ್ಪನೆಯೂ ಅಲ್ಲ. ಓಬ್ರಿಯಾನ್ ಆ ಕಾಲದ ಹಡಗಿನ ದಿನಚರಿಗಳು, ಅಧಿಕೃತ ಪತ್ರಗಳನ್ನು ಇಟ್ಟುಕೊಂಡು ಬರೆದವರು. ಮೊದಲ ಪುಸ್ತಕದ ದೊಡ್ಡ ಕಾಳಗ ನಿಜವಾಗಿ ನಡೆದದ್ದು 1801ರ ಮೇ 6ರಂದು. ಥಾಮಸ್ ಕೊಕ್ರೇನ್ ಎಂಬ ಬ್ರಿಟಿಷ್ ನೌಕಾಧಿಕಾರಿಯ ‘ಸ್ಪೀಡಿ’ ಹಡಗಿನಲ್ಲಿ 14 ಸಣ್ಣ ಫಿರಂಗಿ, 54 ಜನ. ಎದುರಿಗಿದ್ದ ಸ್ಪೇನಿನ ‘ಗಾಮೋ’ದಲ್ಲಿ 32 ಫಿರಂಗಿ, 319 ಜನ. ಸ್ಪೀಡಿ ಎಷ್ಟು ಕುಳ್ಳು ಅಂದರೆ, ಪಕ್ಕಕ್ಕೇ ಹೋಗಿ ಅಂಟಿಕೊಂಡಾಗ ಗಾಮೋದ ಗುಂಡುಗಳೆಲ್ಲ ತಲೆ ಮೇಲಿಂದ ಹೋದವು. ಆಮೇಲೆ ಎಲ್ಲರೂ ಶತ್ರು ಹಡಗಿಗೆ ಹತ್ತಿದರು, ಚುಕ್ಕಾಣಿ ಹಿಡಿಯಲು ಉಳಿದದ್ದು ಡಾಕ್ಟರ್ ಒಬ್ಬನೇ! ಕಾದಂಬರಿಕಾರ ಇದನ್ನು ಸುಮ್ನೆ ಕಲ್ಪಿಸಿ ಬರೆದಿದ್ದರೆ ನಾವು ನಂಬುತ್ತಿದ್ದೆವಾ?

ಅದೇ ಕೊಕ್ರೇನ್‌ಗೆ 1814ರಲ್ಲಿ ಷೇರು ವಂಚನೆ ಕೇಸಿನಲ್ಲಿ ಶಿಕ್ಷೆಯಾಯಿತು. ಬೀದಿಯಲ್ಲಿ ಕೈ, ತಲೆಗಳನ್ನು ಹಲಗೆಗೆ ಸಿಕ್ಕಿಸಿ ನಿಲ್ಲಿಸುವ ಅವಮಾನ ಮಾತ್ರ ತಪ್ಪಿತು. ಕಾದಂಬರಿಯ ಜ್ಯಾಕ್‌ಗೆ ಅದೂ ತಪ್ಪುವುದಿಲ್ಲ. ಆದರೆ ಆ ದಿನ ಬೀದಿ ತುಂಬ ನಾವಿಕರು. ಕಲ್ಲೆಸೆಯಲು ಬಂದವರಿಗೆ ಜಾಗವೇ ಇಲ್ಲ. ಈ ಪುಟಗಳಲ್ಲಿ ಒಂದೂ ಫಿರಂಗಿ ಹಾರುವುದಿಲ್ಲ, ನನಗೆ ಮಾತ್ರ ಮೂರು ಸಲವೂ ಗಂಟಲು ಕಟ್ಟಿದೆ.

ಓಬ್ರಿಯಾನ್‌ಗೂ ಮೊದಲು, 1937ರಿಂದಲೇ ಸಿ.ಎಸ್. ಫಾರೆಸ್ಟರ್ ಅವರ ಪುಸ್ತಕಗಳು ಬರುತ್ತಿದ್ದವು, ಹಾರ್ನ್‌ಬ್ಲೋವರ್ ಎಂಬ ನೌಕಾಧಿಕಾರಿಯ ಕಥೆಗಳು. ಕಥೆಯ ಓಟ ಅದರಲ್ಲೇ ಜಾಸ್ತಿ. ಆದರೆ ಹಾರ್ನ್‌ಬ್ಲೋವರ್ ಒಂಟಿ ಮನುಷ್ಯ, ಯಾರ ಹತ್ತಿರವೂ ಮನಸ್ಸು ಬಿಚ್ಚಲ್ಲ. ಒಂದು ಸಲ ಓದಿದೆ, ಸಾಕಾಯಿತು.

ಓಬ್ರಿಯಾನ್ ಬಗ್ಗೆ ತಕರಾರೇ ಇಲ್ಲ ಅಂತಲ್ಲ. ಹೆಣ್ಣುಮಕ್ಕಳು ಹೆಚ್ಚಾಗಿ ದಡದಲ್ಲೇ ಉಳಿಯುತ್ತಾರೆ. ಬ್ರಿಟಿಷರ ಸಾಮ್ರಾಜ್ಯವನ್ನು ಹಡಗಿನ ಮೇಲಿಂದ ನೋಡಿದರೆ ಚಂದವೇ ಕಾಣುತ್ತದೆ. ಕೆಳಗಿದ್ದವರು ನಾವು, ಅಲ್ವಾ? ಮೂರನೆಯ ಪುಸ್ತಕ ‘ಎಚ್.ಎಂ.ಎಸ್. ಸರ್‌ಪ್ರೈಸ್’ನಲ್ಲಿ ಮಾತ್ರ ಸ್ಟೀಫನ್ ಬಾಂಬೆಯ ಬೀದಿಗಿಳಿಯುತ್ತಾನೆ. ದಿಲ್ ಎಂಬ ಬಡ ಹುಡುಗಿ ಅವನಿಗೆ ಊರು ತೋರಿಸುತ್ತಾಳೆ. ಅವಳ ಆಸೆ ಬೆಳ್ಳಿ ಬಳೆ. ಅವನು ಕೊಡಿಸುತ್ತಾನೆ. ಆ ಬಳೆಗಾಗಿಯೇ ಅವಳ ಕೊಲೆಯಾಗುತ್ತದೆ. ದಹನವನ್ನೂ ಅವನೇ ಮಾಡಬೇಕಾಗುತ್ತದೆ. ಒಳ್ಳೆಯವನ ಪ್ರೀತಿಯೇ ಆ ಮಗುವನ್ನು ಕೊಂದಿತು ಅಂತ ಓಬ್ರಿಯಾನ್ ಎಲ್ಲೂ ಹೇಳಲ್ಲ. ಹೇಳದೇ ಇರೋದಕ್ಕೇ ಈ ಸಲವೂ ಅಲ್ಲಿ ಪುಸ್ತಕ ಮುಚ್ಚಿಟ್ಟು ಹೊರಗೆ ಒಂದು ಸುತ್ತು ಹೋಗಿಬಂದೆ.

ಯಾರಿಗಾದರೂ ಓದುವ ಮನಸ್ಸಿದ್ದರೆ ಮೊದಲನೆಯದನ್ನು ಕೊಡ್ತೇನೆ. ನೂರು ಪುಟ ತಾಳ್ಮೆ ಇರಲಿ, ನಿಘಂಟು ಬೇಡ. ಮೂರನೆಯದನ್ನು ಮಾತ್ರ ಕೇಳಬೇಡಿ, ನೀವೇ ಕೊಂಡುಕೊಳ್ಳಿ.