ಬೆಟ್ಟ ಬಗೆದವನ ಗೇಟಿನಲ್ಲಿ ಕಗ್ಗ

ಮಡಿಕೇರಿ ದಾರಿಯಲ್ಲಿ ಹೊಸ ಹೋಂಸ್ಟೇ ಒಂದರ ಗೇಟು ನೋಡಿ ಸ್ಕೂಟರ್ ನಿಲ್ಲಿಸಿದೆ. ಕಪ್ಪು ಗ್ರಾನೈಟಿನ ಮೇಲೆ ಬಂಗಾರದ ಅಕ್ಷರ: ‘ಹುಲ್ಲಾಗು ಬೆಟ್ಟದಡಿ’. ಕೆಳಗೆ ಡಿವಿಜಿ. ಅದರ ಕೆಳಗೆ ಈಜುಕೊಳ, ಕ್ಯಾಂಪ್‌ಫೈರ್, ಪಂದಿ ಕರಿ, ಬುಕಿಂಗಿಗೆ ಫೋನ್ ನಂಬರ್.

ಬೆಟ್ಟ ಎಲ್ಲಿ ಅಂತ ತಲೆಯೆತ್ತಿದೆ. ಅರ್ಧ ಬೆಟ್ಟ ಜೆಸಿಬಿಯ ಹೊಟ್ಟೆ ಸೇರಿದೆ. ಉಳಿದದ್ದು ಗೋಡೆಯ ಹಾಗೆ ನೆಟ್ಟಗೆ ನಿಂತ ಕೆಂಪು ಬರೆ, ಅದಕ್ಕೆ ನೀಲಿ ಟಾರ್ಪಾಲಿನ ಹೊದಿಕೆ. ಹುಲ್ಲು? ಹುಲ್ಲು ಇದೆ ಸ್ವಾಮಿ, ಅಂಗಳದ ತುಂಬ ಇದೆ. ಪ್ಲಾಸ್ಟಿಕ್ಕಿನದು, ಚಾಪೆ ತರಹ ಸುತ್ತಿ ತಂದು ಹಾಸಿದ್ದು.

ಮಾಲೀಕರು ಪರಿಚಯದವರೇ. “ಹುಲ್ಲು ನಿಜದ್ದಲ್ಲ ಅಲ್ವಾ?” ಅಂದೆ. “ನಿಜದ್ದಾದರೆ ಮಳೆಗೆ ಕೊಳೆಯುತ್ತೆ ಸಾರ್” ಅಂದರು. ಇಷ್ಟು ಅರ್ಥ ಬಿಡಿಸಿ ಹೇಳಿದ ಕಗ್ಗದ ವ್ಯಾಖ್ಯಾನ ನಾನಂತೂ ಓದಿಲ್ಲ.

ಡಿವಿಜಿ ಮಡಿಕೇರಿಗೆ ಹೊಸಬರೇನಲ್ಲ. 1932ರಲ್ಲಿ ಇಲ್ಲಿ ನಡೆದ 18ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗ ಕೊಡಗು ಬ್ರಿಟಿಷರ ಕೈಲಿದ್ದ ಬೇರೆಯೇ ಪ್ರಾಂತ್ಯ, ಮೈಸೂರಿಗೆ ಸೇರಲು ಇನ್ನೂ 24 ವರ್ಷ ಬಾಕಿ. ಕಗ್ಗ ಕೂಡ ಅಚ್ಚಾಗಿರಲಿಲ್ಲ, ಅದು ಬಂದದ್ದು 1943ರಲ್ಲಿ. ಅಂದರೆ ಇಲ್ಲಿಯವರು ಆ ಮನುಷ್ಯನನ್ನು ಕಗ್ಗ ಇಲ್ಲದೆಯೇ ಕರೆಸಿದ್ದರು, ಕೂರಿಸಿ ಕೇಳಿದ್ದರು. ನಮಗೆ ಈಗ ಕಗ್ಗ ಒಂದಿದ್ದರೆ ಸಾಕು, ಮನುಷ್ಯ ಬೇಡ.

ಕಗ್ಗವಾದರೂ ಪೂರ್ತಿ ಬೇಕಾ? 945 ಪದ್ಯ ಇವೆ, ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಓಡಾಡುವುದು ಏಳೋ ಎಂಟೋ. ಅದರಲ್ಲೂ ಎರಡು ಅವರು ಬರೆದದ್ದೇ ಅಲ್ಲ. ಯಾವ ಸಾಲಿನ ಬಾಲಕ್ಕಾದರೂ ‘ಮಂಕುತಿಮ್ಮ’ ಅಂಟಿಸಿ, ಹಿಂದೆ ಸೂರ್ಯೋದಯ, ಮುಂದೆ ಕಾಫಿ ಕಪ್ ಇಟ್ಟರೆ ಕಗ್ಗ ತಯಾರು. ಆಸ್ತಿ ಪಾಲಿನ ವಿಚಾರಕ್ಕೆ ತಮ್ಮನ ಹತ್ತಿರ ಮಾತು ಬಿಟ್ಟ ದೊಡ್ಡಪ್ಪ ಬೆಳಿಗ್ಗೆ ಐದೂವರೆಗೆ ‘ಎಲ್ಲರೊಳಗೊಂದಾಗು’ ಕಳಿಸುತ್ತಾರೆ. ತಮ್ಮನೂ ಅದೇ ಗ್ರೂಪಿನಲ್ಲಿದ್ದಾರೆ, ಕೈ ಮುಗಿಯುವ ಚಿತ್ರ ಒತ್ತುತ್ತಾರೆ. ಕೇಸ್ ಮಾತ್ರ ನಡೀತಾನೇ ಇದೆ.

ಪಾಪ, ಅವರು ‘ಮಂಕು’ ಅಂತ ಕರೆದುಕೊಂಡದ್ದು ತಮ್ಮನ್ನೇ. ಬುದ್ಧಿ ಹೇಳಿಕೊಂಡದ್ದೂ ತಮಗೇ. ನಾವು ಅದನ್ನು ಪಕ್ಕದ ಮನೆಯವರಿಗೆ ಫಾರ್ವರ್ಡ್ ಮಾಡುತ್ತೇವೆ.

ಮೆಟ್ರಿಕ್ಯುಲೇಷನ್ ಕೂಡ ಪಾಸಾಗದ ಮುಳಬಾಗಿಲಿನ ಹುಡುಗ ಪತ್ರಿಕೆ ನಡೆಸಿಕೊಂಡು ಬದುಕಿದರು. 1970ರಲ್ಲಿ ಸನ್ಮಾನ ಮಾಡಿ ದೊಡ್ಡ ಮೊತ್ತ ಕೊಟ್ಟರೆ ಅಷ್ಟನ್ನೂ ತಾವೇ ಕಟ್ಟಿದ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ಅಂಥವರ ಹುಟ್ಟುಹಬ್ಬ, ಮಾರ್ಚ್ 17ಕ್ಕೆ, ಒಂದು ಕಡೆ ಹೋಗಿದ್ದೆ. ಫ್ಲೆಕ್ಸಿನಲ್ಲಿ ಡಿವಿಜಿ ಮೂಲೆಯಲ್ಲಿ ಅಂಚೆಚೀಟಿ ಸೈಜಿಗೆ ಇದ್ದರು. ನಡುವೆ ಪ್ರಾಯೋಜಕರು. ಪೇಟ, ಶಾಲು, ಹಣ್ಣಿನ ಬುಟ್ಟಿ, ಎಲ್ಲ ಮುಗಿಯುವ ಹೊತ್ತಿಗೆ ಊಟದ ಬೆಲ್ ಆಯಿತು. ಕಗ್ಗ ಹಾಡಬೇಕಿದ್ದ ಹುಡುಗಿ ಹಾರ್ಮೋನಿಯಂ ಮುಚ್ಚಿ ಎದ್ದಳು. ನಾನೂ ಎದ್ದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ, ಪಾಯಸ ಚೆನ್ನಾಗಿತ್ತು.

ಆದರೆ ಆ ಗೇಟು ನೋಡಿದ ಮೇಲೆ ನಗು ಬರುತ್ತಿಲ್ಲ. ನಾವು ಮಳೆಯನ್ನು ಇಂಚಿನಲ್ಲಿ ಲೆಕ್ಕ ಇಡುವ ಜನ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಹೇಗೆ ಇಳಿದು ಬಂತು ಅಂತ ಕಣ್ಣಾರೆ ಕಂಡವರು. 2020ರಲ್ಲಿ ತಲಕಾವೇರಿಯಲ್ಲೇ ಬೆಟ್ಟ ಜಾರಿತು. ಅಷ್ಟೆಲ್ಲ ಆದ ಮೇಲೂ ಇಳಿಜಾರನ್ನು ಕಡಿಯುತ್ತೇವೆ, ಪರ್ಮಿಷನ್ ಸಿಗುತ್ತದೆ, ಮಳೆಗಾಲಕ್ಕೆ ಮೊದಲು ಟಾರ್ಪಾಲು ಹೊದಿಸುತ್ತೇವೆ. ಸಾಕಾಗಿ ಹೋಗಿದೆ. ಕಡಿಯುವುದಾದರೆ ಕಡಿಯಿರಿ, ಆ ಮುದುಕರನ್ನು ಯಾಕೆ ಗೇಟಿನಲ್ಲಿ ಕಾವಲಿಗೆ ನಿಲ್ಲಿಸುತ್ತೀರಿ?

ಹೊರಡುವಾಗ ಮಾಲೀಕರನ್ನು ಕೇಳಿದೆ, “ಒಂದೇ ಸಾಲು ಯಾಕೆ, ನಾಲ್ಕೂ ಕೆತ್ತಿಸಬಹುದಿತ್ತಲ್ಲ?”

“ಎರಡನೇ ಸಾಲಿನಲ್ಲಿ ಕಷ್ಟಗಳ ಮಳೆ ಸುರಿಯುತ್ತೆ ಅಂತ ಬರುತ್ತೆ ಸಾರ್” ಅಂದರು. “ಗೆಸ್ಟ್‌ಗಳು ಬುಕಿಂಗ್ ಕ್ಯಾನ್ಸಲ್ ಮಾಡ್ತಾರೆ.”