ಡೀಮೋಸ್ ಮೇಲೆ ಜಿಗಿದರೆ ವಾಪಸ್ ಬರುವುದಿಲ್ಲವೇ?

ಮಂಗಳನ ಪುಟ್ಟ ಚಂದ್ರ ಡೀಮೋಸ್ ಮೇಲೆ ಒಮ್ಮೆ ಜಿಗಿದರೆ ಸಾಕು, ಮನುಷ್ಯ ಬಾಹ್ಯಾಕಾಶಕ್ಕೆ ಹಾರಿಹೋಗುತ್ತಾನೆ ಎಂಬ ಮೆಸೇಜ್ ಹರಿದಾಡುತ್ತಿದೆ. ಇದು ಸರಿಯಲ್ಲ.

ಡೀಮೋಸ್‌ನ ದ್ರವ್ಯರಾಶಿ, ಗಾತ್ರದಿಂದ ಲೆಕ್ಕ ಹಾಕಿದರೆ ಅದರ ವಿಮೋಚನಾ ವೇಗ (ಅದರ ಗುರುತ್ವದಿಂದ ಪೂರ್ತಿ ತಪ್ಪಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ) ಸೆಕೆಂಡಿಗೆ ಸುಮಾರು 5.6 ಮೀಟರ್. ಭೂಮಿಯ ಮೇಲೆ ಅರ್ಧ ಮೀಟರ್ ಎತ್ತರ ಜಿಗಿಯುವವರು ನೆಲ ಬಿಡುವ ವೇಗ ಸೆಕೆಂಡಿಗೆ ಸುಮಾರು 3 ಮೀಟರ್ ಅಷ್ಟೇ. ಗುರುತ್ವ ಕಡಿಮೆಯಾದರೂ ಕಾಲಿನ ಬಲ ಜಾಸ್ತಿ ಆಗುವುದಿಲ್ಲ, ಅಲ್ವಾ? ಎರಡು ಕಿಲೋಮೀಟರಿಗೂ ಮೇಲೆ ಹೋಗಿ, ಅರ್ಧ ಗಂಟೆಗೂ ಜಾಸ್ತಿ ತೇಲಿ, ಕೊನೆಗೆ ಕೆಳಗೇ ಬರುತ್ತೀರಿ. ಹಾಗಂತ ಮೆಸೇಜ್ ಪೂರ್ತಿ ಕಟ್ಟುಕಥೆಯೂ ಅಲ್ಲ. ಅಲ್ಲಿ ಜೋರಾಗಿ ಎಸೆದ ಚೆಂಡು ನಿಜಕ್ಕೂ ತಪ್ಪಿಸಿಕೊಳ್ಳುತ್ತದೆ. ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗ ದಾಟಿದರೆ ಸಾಕು, ಅದು ಕೈಗೆ ಸುಲಭ.

ಜಿಗಿತದ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.